ಮೂರು ಜನ ಅದಾರ್ರೀ

ನಿಮಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಯೋಚನೆಯಿಲ್ಲದೆ ಹೊರಬೀಳುತ್ತಿದ್ದ ಉತ್ತರ ಒಂದೇ. "ಮೂರು ಜನ ಅದಾರ್ರೀ." ಬಸ್ಸಿನಲ್ಲಿ ಪಕ್ಕ ಕೂತವರು ಕೇಳಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಲಿ, ನನ್ನ ಅಂಗಡಿಗೆ ಬಂದ ರೈತರು ಕೇಳಲಿ, ಅದೇ ಮಾತು. ಆ ಮೂವರೂ ನನ್ನ ಅಣ್ಣನ ಮಕ್ಕಳು. ಎರಡು ಗಂಡು, ಆಮೇಲೆ ಎಷ್ಟೋ ವರ್ಷಕ್ಕೆ ಹುಟ್ಟಿದ ಒಂದು ಹೆಣ್ಣು. ನನಗೂ ನನ್ನ ಹೆಂಡತಿಗೂ ಮಕ್ಕಳಿಲ್ಲ.

ಅದು ಸುಳ್ಳು ಅಂತ ನನಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಅಂಜನಾಪುರದ ಕಾಲುವೆ ನೀರು ಹಾಯುವ ನಮ್ಮ ಗದ್ದೆಗೆ ಒಂದೇ ಪಹಣಿ, ಮನೆಗೆ ಒಂದೇ ಒಲೆ. ಅವ್ವನದು ಒಂದು ಕಟ್ಟಳೆ ಇತ್ತು. ಒಂದು ಸಲ ನಾನು ಯಾರ ಮುಂದೋ "ಇವು ಅಣ್ಣನ ಮಕ್ಕಳು" ಅಂದಿದ್ದಕ್ಕೆ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಳು. "ಹೊಲ ಪಾಲು ಮಾಡ್ಕೊಳ್ರಿ ಬೇಕಾದ್ರ. ಮಕ್ಕಳ್ನ ಪಾಲು ಹಚ್ಚಬ್ಯಾಡ್ರಿ. ಇನ್ನೊಂದು ಸಲ ಅವನವು ಇವನವು ಅಂದ್ರ ನನ್ನ ಕೈಯಾಗಿಂದು ನಿನ್ನ ತಲಿ ಮ್ಯಾಲ ಬೀಳ್ತೈತಿ ನೋಡು." ಅವತ್ತಿನಿಂದ ಮೂರು ಅಂದರೆ ಮೂರೇ. ಅಣ್ಣನೂ ಹಾಗೆಯೇ ಹೇಳುತ್ತಿದ್ದ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ.

ನನ್ನ ಹೆಂಡತಿ ಸೊರಬ ತಾಲ್ಲೂಕಿನವಳು. ಕುಬಟೂರಿನ ಪಕ್ಕದ ಊರು. ಅವರ ಕಡೆ ಹೆಂಗಸರು ಸುತ್ತಿ ಬಳಸಿ ಕೇಳುವುದಿಲ್ಲ. "ನಿಂದೆಷ್ಟು?" ಅಂತ ನೇರ ಹೊಟ್ಟೆಯನ್ನೇ ನೋಡಿ ಕೇಳುತ್ತಾರೆ. ಮದುವೆಯಾಗಿ ಬಂದಾಗ ಅವಳೂ ನಮ್ಮ ಮನೆಯ ಉತ್ತರವನ್ನೇ ಕಲಿತು, ನಗುತ್ತ ಮೊದಲು ಎರಡು, ಹೆಣ್ಣು ಹುಟ್ಟಿದ ಮೇಲೆ ಮೂರು ಅನ್ನುತ್ತಿದ್ದಳು. ಹತ್ತು ವರ್ಷ ಕಳೆದ ಮೇಲೆ ಆ ಮಾತು ಅವಳ ಬಾಯಲ್ಲಿ ನಿಂತುಹೋಯಿತು. ಯಾರಾದರೂ ಕೇಳಿದರೆ ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡುತ್ತಿದ್ದಳು. ನಾನು ಉತ್ತರ ಹೇಳುತ್ತಿದ್ದೆ.

ನನ್ನದು ಶಿರಾಳಕೊಪ್ಪದಲ್ಲಿ ಬೀಜ, ಗೊಬ್ಬರದ ಅಂಗಡಿ. ಗೋವಿನಜೋಳ, ಭತ್ತ, ಹತ್ತಿ, ತರಕಾರಿ ಬೀಜ. ಕಂಪನಿಯವರು ಚೀಲದ ಮೇಲೆ ಏನೇ ಅಚ್ಚು ಹಾಕಿರಲಿ, ನಾನು ಸ್ವತಃ ಮೊಳಕೆ ನೋಡದೆ ಯಾರಿಗೂ ಕೊಡುವವನಲ್ಲ. ಒಂದೊಂದು ಮಾಲಿನಿಂದಲೂ ನೂರು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸಾಲಾಗಿ ಇಟ್ಟು ಸುತ್ತಿ, ನಾಲ್ಕೈದು ದಿನ ಬಿಟ್ಟು ಬಿಚ್ಚಿ ಎಣಿಸುತ್ತೇನೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ ಅನ್ನಿ. "ಮೊಳಕಿ ಹೆಂಗೈತ್ರೀ?" ಅಂತ ಯಾರಾದರೂ ಕೇಳಿದರೆ, "ನಾನ ನೋಡೀನಿ, ಕಣ್ಣು ಮುಚ್ಕೊಂಡು ಒಯ್ರಿ" ಅನ್ನುತ್ತಿದ್ದೆ. ಊರ ಬೀಜವನ್ನೆಲ್ಲ ಪರೀಕ್ಷೆ ಮಾಡುವ ಈ ಮಹಾನುಭಾವ ತನ್ನದನ್ನು ಹದಿಮೂರು ವರ್ಷ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ.

ಆ ವರ್ಷಗಳಲ್ಲಿ ಪರೀಕ್ಷೆಗಳೆಲ್ಲ ಅವಳಿಗೇ. ಶಿವಮೊಗ್ಗದ ಬಸ್ಸು ಹತ್ತುವುದು, ರಕ್ತ ಕೊಡುವುದು, ಸ್ಕ್ಯಾನಿಂಗು. ಗರ್ಭನಾಳಕ್ಕೆ ಔಷಧಿ ಹರಿಸಿ ಎಕ್ಸ್‌ರೇ ತೆಗೆಸಿದ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಎರಡೂ ಕೈಯಿಂದ ಹೊಟ್ಟೆ ಹಿಡಿದು ಬಗ್ಗಿಕೊಂಡೇ ಕೂತಿದ್ದಳು. ಎಲ್ಲ ಸರಿಯಿದೆ ಅಂದಿದ್ದರು. ಅಲ್ಲಿಯ ಲೇಡಿ ಡಾಕ್ಟರು ಚೀಟಿಯ ಕೊನೆಯಲ್ಲಿ ಗಂಡನ ವೀರ್ಯ ಪರೀಕ್ಷೆ ಅಂತ ಬರೆದಿದ್ದರು. ನಾನು ಆ ಚೀಟಿಯನ್ನು ಅಂಗಡಿಯ ಡ್ರಾಯರಿಗೆ ತುರುಕಿದೆ. ಒಂದು ದಿನ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು.

"ಆ ಪರೀಕ್ಷೆಗೆ ಹೋಗಿ ಬಂದ್ರಾ?"

"ಯಾಕ? ನನ್ನ ಮ್ಯಾಲ ಅನುಮಾನ ಏನು ನಿಂಗ?" ಎಂದು ನಾನು ತಟ್ಟೆ ದೂಡಿ ಎದ್ದೆ. ರೊಟ್ಟಿ ನೆಲಕ್ಕೆ ಬಿತ್ತು. ಅವಳು ರೊಟ್ಟಿ ಎತ್ತಿಟ್ಟು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ಥೂ, ಆ ನನ್ನ ಸಿಟ್ಟನ್ನು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನನಗೆ ನಲವತ್ತೊಂದು ತುಂಬಿದ ವರ್ಷ ಮೈಯಲ್ಲಿ ಏನೋ ಕಳಚಿಕೊಂಡಂತಾಯಿತು. ಒಂದು ಚೀಲ ಎತ್ತಿದರೆ ಏದುಸಿರು. ಮಧ್ಯಾಹ್ನ ಗಲ್ಲಾದ ಮುಂದೆಯೇ ತೂಕಡಿಕೆ. ಹೊಟ್ಟೆ ಮಾತ್ರ ಮುಂದೆ ಬಂತು. ಇವೆಲ್ಲ ಹೇಳಿಕೊಳ್ಳುವಂಥವು. ಹೇಳಿಕೊಳ್ಳಲಾಗದ್ದು ಇನ್ನೊಂದಿತ್ತು. ಹೆಂಡತಿಯ ಪಕ್ಕ ಮಲಗಿದರೆ ಆಸೆ ಅನ್ನುವುದು ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಗ್ಗೆ ಏಳುವಾಗ ಗಂಡಸಿನ ಮೈಯಲ್ಲಿ ತಾನೇ ಆಗುವುದು ಕೂಡ ನಿಂತುಹೋಗಿತ್ತು. ಅವಳು ಕೈ ಚಾಚಿದರೆ ನಾನು ಏನಾದರೂ ನೆಪ ತೆಗೆದು ಜಗಳ ಮಾಡಿ ಮಗ್ಗುಲಾಗುತ್ತಿದ್ದೆ. ಕೈಲಾಗದು ಅನ್ನುವುದಕ್ಕಿಂತ ಸಿಟ್ಟು ಬಂದಿದೆ ಅನ್ನುವುದು ಸುಲಭವಾಗಿತ್ತು. ಅವಳು ತನ್ನ ಮೇಲೆಯೇ ನನಗೆ ಬೇಸರ ಬಂದಿದೆ ಎಂದುಕೊಂಡಿದ್ದಳಂತೆ. ಕನ್ನಡಿಯ ಮುಂದೆ ನಿಂತು ತಲೆಗೆ ಬಣ್ಣ ಹಚ್ಚಿಕೊಳ್ಳಲು ಶುರುಮಾಡಿದ್ದಳು. ನಾನು ಅದನ್ನೂ ಹಾಸ್ಯ ಮಾಡಿದ್ದೆ.

ಕೊನೆಗೆ ಯಾರಿಗೂ ಹೇಳದೆ ಶಿಕಾರಿಪುರದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ.

"ಏನು ತೊಂದರೆ?"

"ಸುಸ್ತುರೀ."

"ಮತ್ತೆ?"

"ಸುಸ್ತ ಸುಸ್ತು, ಅಷ್ಟ ನೋಡ್ರಿ."

ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. "ನೋಡಿ ಯಜಮಾನ್ರೆ, ನಿಮ್ಮ ವಯಸ್ಸಿನ ಗಂಡಸರು ಸುಸ್ತು ಅಂದ್ರೆ ಅರ್ಧ ಮಾತು ಹೇಳಿದಾರೆ ಅಂತ ಲೆಕ್ಕ. ಉಳಿದರ್ಧ ಹೇಳಿ." ನಾನು ಟೇಬಲ್ಲಿನ ಗಾಜು ನೋಡುತ್ತ ಉಳಿದರ್ಧವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೇಳಿದರು. ಕೆಲವು ದಿನ ಬಿಟ್ಟು ಮತ್ತೊಮ್ಮೆ. ಎರಡು ಸಲವೂ ಗಂಡಸಿನ ಹಾರ್ಮೋನು, ಟೆಸ್ಟೊಸ್ಟೆರಾನು, ತೀರಾ ಕಡಿಮೆ ಬಂತು. ಜೊತೆಗೆ ಶುಗರು. ಮೊದಲು ನಡೆಯಿರಿ, ತೂಕ ಇಳಿಸಿ, ಶುಗರಿನ ಮಾತ್ರೆ ತಗೊಳ್ಳಿ ಅಂದರು. ಮೂರು ತಿಂಗಳು ಅಂಜನಾಪುರದ ಏರಿಯ ಮೇಲೆ ನಡೆದೆ. ಆದರೂ ಹಾರ್ಮೋನು ಏಳಲಿಲ್ಲ. ಆಗ ಅವರು ಹೊರಗಿನಿಂದ ಕೊಡೋಣ ಅಂದರು. ಪೆನ್ನು ತೆಗೆದು ಫೈಲಿನ ಮೊದಲ ಹಾಳೆ ತುಂಬಿಸತೊಡಗಿದರು. ವಯಸ್ಸು, ತೂಕ, ಬೀಡಿ ಸಿಗರೇಟು ಉಂಟಾ, ಪ್ರಾಸ್ಟೇಟಿನ ತೊಂದರೆ ಯಾರಿಗಾದರೂ ಇತ್ತಾ.

"ಮಕ್ಕಳೆಷ್ಟು?"

"ಮೂರು ಜನ ಅದಾರ್ರೀ."

"ಇನ್ನು ಬೇಕು ಅಂತೇನಿಲ್ಲ ಅಲ್ವಾ?"

ಬೇಕು ಎಂದರೆ, ಮೂರಿದ್ದವನಿಗೆ ಇದೆಂಥ ದುರಾಸೆ ಅಂದುಕೊಳ್ಳುತ್ತಾರೆ. ಆ ಮೂರು ನನ್ನವಲ್ಲ ಎಂದು ಬಿಡಿಸಿ ಹೇಳುವುದಕ್ಕೆ ಅವ್ವನ ಸೌಟು ಅಡ್ಡ ಬಂತು. ಅದಕ್ಕಿಂತ ನಾಚಿಕೆ ಅಡ್ಡ ಬಂತು. ಆಗಷ್ಟೇ ಒಂದು ಕೈಲಾಗದ್ದನ್ನು ಒಪ್ಪಿಕೊಂಡಿದ್ದೆ, ಇನ್ನೊಂದನ್ನು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

"ಸಾಕ್ರೀ, ಮೂರು ಸಾಕು" ಎಂದು ನಕ್ಕೆ.

"ಹಾಗಾದ್ರೆ ತೊಂದರೆ ಇಲ್ಲ" ಎಂದರು ಅವರು. ಯಾಕೆ ತೊಂದರೆ ಇಲ್ಲ ಎಂದು ನಾನು ಕೇಳಲಿಲ್ಲ.

ದಿನಾ ಬೆಳಗ್ಗೆ ಹೆಗಲಿಗೆ ಹಚ್ಚುವ ಜೆಲ್ ಇದೆ, ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಕೊಡುವ ಇಂಜೆಕ್ಷನ್ ಇದೆ, ಯಾವುದು ಬೇಕು ಅಂದರು. ಜೆಲ್ ಸುಲಭ ಅನ್ನಿಸಿತು. ಅಷ್ಟರಲ್ಲಿ ಅವರೇ, "ಮನೇಲಿ ಸಣ್ಣ ಮಕ್ಕಳಿದ್ದು ನಿಮ್ಮ ಮೈಮೇಲೆ ಬಿದ್ದು ಹೊರಳಾಡ್ತಾರೆ ಅಂದ್ರೆ ಜೆಲ್ ಬೇಡ. ಅವರ ಮೈಗೂ ಅಂಟುತ್ತೆ" ಅಂದರು. ಅಣ್ಣನ ಮಗಳಿಗೆ ಆಗ ಎರಡೂವರೆ ವರ್ಷ. ನನ್ನ ಹೆಗಲ ಮೇಲೆ ತಲೆಯಿಟ್ಟರೆ ಮಾತ್ರ ಅದಕ್ಕೆ ನಿದ್ದೆ. ಹಾಗಾಗಿ ಇಂಜೆಕ್ಷನ್ನೇ ಆಯಿತು.

ಎರಡನೇ ಇಂಜೆಕ್ಷನ್ ಆದ ಮೇಲೆ ನಾನು ಬೇರೆ ಮನುಷ್ಯನಾದೆ. ಉತ್ಪ್ರೇಕ್ಷೆ ಅಲ್ಲ. ಬೆಳಗ್ಗೆ ಏಳುವಾಗ ಮೈ ಹಗುರ. ಚೀಲ ಹೆಗಲಿಗೇರಿಸಿದರೆ ಅದೆಷ್ಟು ಭಾರ ಅಂತ ಗೊತ್ತಾಗುತ್ತಿರಲಿಲ್ಲ. ಆಸೆ ವಾಪಸ್ ಬಂತು, ಹೊಸ ಮದುವೆಯ ದಿನಗಳಂತೆ ಬಂತು. ಹೆಂಡತಿ ಮೊದಮೊದಲು ಬೆರಗಾದಳು, ಆಮೇಲೆ ನಾಚಿಕೊಂಡಳು, ಆಮೇಲೆ ತಮಾಷೆ ಮಾಡತೊಡಗಿದಳು.

"ಎಂತ ಆತು ಮಾರಾಯ್ರೆ ನಿಮ್ಗೆ? ಗೊಬ್ಬರದ ಅಂಗಡೀಲಿ ಕೂತು ಕೂತು ನಿಮ್ಗೇ ಗೊಬ್ಬರ ಹತ್ತಿತಾ?"

ಸುಸ್ತಿಗೆ ವಿಟಮಿನ್ ಇಂಜೆಕ್ಷನ್ ತಗೋತಿದೀನಿ ಅಂದೆ. ನಂಬಿದಳು. ಆ ಎರಡು ವರ್ಷ ನಮ್ಮ ಸಂಸಾರದಲ್ಲೇ ಚಂದದ ವರ್ಷಗಳು, ಅದನ್ನು ಸುಳ್ಳು ಅನ್ನಲಾರೆ. ಬೈಕಿನಲ್ಲಿ ಅವಳ ತವರಿಗೆ ಹೋಗುವಾಗ ನನ್ನ ಬೆನ್ನಿಗೆ ಒರಗಿ ಕೂರುತ್ತಿದ್ದಳು. ಕುಬಟೂರಿನ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತ ಒಂದು ಸಲ ಅಂದಳು, "ಈಗ ಆಗ್ತದೆ ನೋಡಿ. ನಂಗೆ ಅನ್ನಿಸ್ತದೆ." ನನಗೂ ಹಾಗೇ ಅನ್ನಿಸುತ್ತಿತ್ತು. ಇಷ್ಟು ಶಕ್ತಿ ಬಂದಿದೆ, ಮಗು ಬಾರದೆ ಹೋದೀತೆ ಅಂದುಕೊಂಡಿದ್ದೆ. ಒಂದು ತಿಂಗಳು ಅವಳ ಮುಟ್ಟು ಎಂಟು ದಿನ ತಡವಾಯಿತು. ಆ ಎಂಟು ದಿನ ಅವಳು ಬಾವಿಯಿಂದ ನೀರು ಸೇದಲಿಲ್ಲ, ನನ್ನ ಬೈಕು ಹತ್ತಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತನೇ ದಿನ ಬಚ್ಚಲಿನಿಂದ ಹೊರಗೆ ಬಂದವಳು ಸುಮ್ಮನೆ ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಅವಳಿಗೆ ಮೂವತ್ತೇಳು ನಡೆಯುತ್ತಿತ್ತು. ಶಿವಮೊಗ್ಗದಲ್ಲಿ ಮಕ್ಕಳಾಗದವರಿಗೇ ಒಂದು ಆಸ್ಪತ್ರೆ ಇದೆಯಂತೆ, ಇದೊಂದು ಸಲ ಹೋಗಿಬಿಡೋಣ ಅಂದಳು. ಈ ಸಲ ನಾನು ತಟ್ಟೆ ದೂಡಲಿಲ್ಲ. ನನ್ನ ಪರೀಕ್ಷೆಯೂ ಆಗಲಿ ಎಂದು ನಾನೇ ಅಂದೆ, ಎದೆ ಉಬ್ಬಿಸಿಕೊಂಡು ಅಂದೆ. ಡಬ್ಬಿ ಕೊಟ್ಟರು, ತುಂಬಿಸಿ ಕೊಟ್ಟೆ. ಸಂಜೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಕಾಗದ ನೋಡಿದರು.

"ಒಂದೂ ಇಲ್ಲ. ಸೊನ್ನೆ."

ಮತ್ತೊಂದು ಸಲ ಪರೀಕ್ಷೆ ಮಾಡಿಸಿದರು. ಮತ್ತೂ ಸೊನ್ನೆ. ನೂರು ಕಾಳಿನಲ್ಲಿ ಒಂದೂ ಮೊಳೆಯದ ಮಾಲನ್ನು ನಾನು ಅಂಗಡಿಯಲ್ಲಿ ಕಂಡಿಲ್ಲ.

"ಯಾವುದಾದ್ರೂ ಇಂಜೆಕ್ಷನ್ ತಗೋತಿದೀರಾ? ಹಾರ್ಮೋನಿಂದು?"

ಶುಗರಿನ ಕಾಗದ ಕೇಳಿಯಾರು ಎಂದು ಚೀಲದಲ್ಲಿ ತಂದಿದ್ದ ಶಿಕಾರಿಪುರದ ಫೈಲು ತೆಗೆದು ಟೇಬಲ್ಲಿನ ಮೇಲಿಟ್ಟೆ. ಡಾಕ್ಟರಮ್ಮ ಹಾಳೆ ತಿರುಗಿಸಿದರು, ಹಣೆಗೆ ಕೈ ಹಚ್ಚಿಕೊಂಡರು. "ಹೊರಗಿನಿಂದ ಈ ಹಾರ್ಮೋನು ಕೊಟ್ರೆ, ಮೈಗೆ ಸಾಕಷ್ಟಿದೆ ಅಂತ ತಿಳಿದು ಮೆದುಳು ವೃಷಣಕ್ಕೆ ಅಪ್ಪಣೆ ಕೊಡೋದು ನಿಲ್ಲಿಸುತ್ತೆ. ಅಲ್ಲಿ ವೀರ್ಯಾಣು ಆಗೋದೇ ನಿಂತುಹೋಗುತ್ತೆ. ಶಕ್ತಿ ಬರುತ್ತೆ, ಮಗು ಬರಲ್ಲ. ಮಕ್ಕಳು ಬೇಕು ಅನ್ನೋ ಗಂಡಸಿಗೆ ಇದನ್ನ ಕೊಡೋದೇ ಇಲ್ಲ. ಅವರಿಗೆ ಬೇರೆ ಮಾತ್ರೆ, ಬೇರೆ ಇಂಜೆಕ್ಷನ್ ಇದೆ. ನಿಮ್ಮ ಡಾಕ್ಟರು ಕೇಳಲಿಲ್ವಾ?" ಎನ್ನುತ್ತ ಮೊದಲ ಹಾಳೆಗೆ ಬಂದವರು ಅಲ್ಲೇ ನಿಂತರು. ಗಟ್ಟಿಯಾಗಿ ಓದಿದರು. "ಮಕ್ಕಳು, ಮೂರು. ಇನ್ನು ಬೇಡ."

ಹೆಂಡತಿ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾಳೆ. ಬೆರಳಿಟ್ಟು ಓದಿದಳು. ಹಾಳೆ ಮಡಿಸಿ ಫೈಲಿನೊಳಗಿಟ್ಟು ನನ್ನ ಕೈಗೆ ಕೊಟ್ಟಳು.

ಶಿರಾಳಕೊಪ್ಪಕ್ಕೆ ವಾಪಸ್ ಬಂದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಂತೆಯ ದಿನದ ಗದ್ದಲದ ನಡುವೆ ಹೂವಿನವಳ ಬುಟ್ಟಿಯ ಪಕ್ಕ ನಿಂತು ಅವಳು ಕೇಳಿದಳು.

"ಇನ್ನು ಬ್ಯಾಡ ಅಂತ ಯಾರು ಹೇಳಿದ್ದು?"

"ನಾನ. ಬಾಯಿಗೆ ಬಂತು, ಅಂದುಬಿಟ್ಟೆ."

"ಮೂರು ಅಂದಿದ್ದು ಬಿಡಿ. ಅದು ಮನೆ ಮಾತು, ನಾನೂ ಹೇಳಿದೀನಿ. ಇನ್ನು ಬ್ಯಾಡ ಅಂತ ಹೆಂಗೆ ಬಾಯಿಗೆ ಬಂತು ನಿಮ್ಗೆ? ನಂಗೆ ಬೇಕಿತ್ತಲ್ರೀ." ಅವಳ ಧ್ವನಿ ಏರಲಿಲ್ಲ. ಹೂವಿನವಳು ನಮ್ಮನ್ನೇ ನೋಡುತ್ತಿದ್ದಳು.

ಇಂಜೆಕ್ಷನ್ ನಿಲ್ಲಿಸಿದರು. ಮೈ ತಾನಾಗಿ ಎಚ್ಚರಗೊಳ್ಳಲು ಆರು ತಿಂಗಳೂ ಆಗಬಹುದು, ವರ್ಷವೂ ಹಿಡಿಯಬಹುದು, ಕಾಯಬೇಕು ಅಂದರು. ಅದನ್ನು ಎಬ್ಬಿಸಲು ವಾರಕ್ಕೆರಡು ಬೇರೆ ಸೂಜಿ, ದಿನಾ ಮಾತ್ರೆ. ನನ್ನ ಹಳೇ ಸುಸ್ತು ಇನ್ನೂ ನಾಲ್ಕು ಪಾಲು ಹೆಚ್ಚಾಗಿ ಬಂತು. ಆಸೆ ಹೋಯಿತು, ನಗು ಹೋಯಿತು. ಆದರೆ ಈ ಸಲ ನಾನು ಸಿಟ್ಟಿನ ನೆಪ ಹೇಳಲಿಲ್ಲ. ಅವಳ ಕೈ ಹಿಡಿದು "ಆಗ್ತಿಲ್ಲ ಕಣೇ" ಎಂದು ಹೇಳಲು ಕಲಿತೆ. ಮದುವೆಯಾಗಿ ಹದಿಮೂರು ವರ್ಷಕ್ಕೆ ಕಲಿತ ಮಾತು ಅದು. ಅದನ್ನು ಮೊದಲೇ ಕಲಿತಿದ್ದರೆ ನಾವು ಇಲ್ಲಿಗೆ ಬರುತ್ತಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಡಬ್ಬಿ ತುಂಬಿಸಿ ಕೊಡುತ್ತಿದ್ದೆ. ಸೊನ್ನೆ. ಮತ್ತೆ ಸೊನ್ನೆ. ಮೂರನೇ ಸಲ ಡಾಕ್ಟರಮ್ಮ ನಕ್ಕರು. "ಕಾಣ್ತಿವೆ. ಸ್ವಲ್ಪವೇ, ಆದ್ರೂ ಕಾಣ್ತಿವೆ." ಹೆಂಡತಿ ಅಲ್ಲೇ ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತಳು. ನನ್ನವೂ ಅವಳವೂ ಹೊರಗೆ ಕೂಡಿಸಿ ಒಳಗಿಡುವ ಚಿಕಿತ್ಸೆ ಎರಡು ಸಲ ಮಾಡಿಸಿದೆವು. ಎರಡೂ ನಿಲ್ಲಲಿಲ್ಲ. ಎರಡನೆಯದು ಹೋದ ಮೇಲೆ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು, "ನಿಮ್ಮ ಅಂಡಾಣುಗಳು ಬಹಳ ಕಡಿಮೆ ಆಗಿವೆ. ಎರಡು ಮೂರು ವರ್ಷ ಮುಂಚೆ ಬಂದಿದ್ರೆ ಬೇರೆ ಮಾತಿತ್ತು. ಮತ್ತೆ ನಿಮ್ಮ ಮೈಗೆ ಹಿಂಸೆ ಕೊಡೋಕೆ ನನಗೆ ಮನಸ್ಸಿಲ್ಲ" ಅಂದರು.

ಎರಡು ಮೂರು ವರ್ಷ ಮುಂಚೆ. ಆಗ ನಾನು ಬೆಳಗ್ಗೆ ಎದ್ದು ಮೈ ಹಗುರವಾಗಿದೆ ಎಂದು ಖುಷಿಪಡುತ್ತಿದ್ದೆ. ಇಂಜೆಕ್ಷನ್ನಿಗೆ ಮೊದಲು ನನ್ನಲ್ಲಿ ಎಷ್ಟಿತ್ತೋ, ಇತ್ತೋ ಇಲ್ಲವೋ, ಅದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ವೀರ್ಯ ಪರೀಕ್ಷೆ ಅಂತ ಬರೆದಿದ್ದ ಆ ಹಳೇ ಚೀಟಿ ಅಂಗಡಿಯ ಡ್ರಾಯರಿನಲ್ಲಿ ಈಗಲೂ ಇದೆ. ಹರಿದು ಹಾಕಬೇಕು ಎಂದು ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಒಂದು ಮಗುವನ್ನು ತಂದು ಸಾಕುವ ಮಾತನ್ನು ಅವಳ ಅಮ್ಮ ಒಂದು ಸಲ ಎತ್ತಿದರು. "ಈಗ ಬ್ಯಾಡ ಅಮ್ಮ" ಎಂದಳು ಅವಳು. ಮನೆಯಲ್ಲಿ ಯಾರೂ ಆ ಮಾತು ಮತ್ತೆ ಎತ್ತಿಲ್ಲ. ಅವ್ವನಿಗೆ ಎಲ್ಲ ಗೊತ್ತಾಗಿತ್ತು. ಒಂದು ದಿನ ನನ್ನ ಮುಂದೆ ಕೂತು, "ಆ ಮಾತು ಕಲಿಸಿದಾಕಿ ನಾನಪ್ಪ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಿಂದೇನು ತಪ್ಪಿಲ್ಲ ಬಿಡವ್ವ ಎಂದೆ. ನಿಜಕ್ಕೂ ಅವಳದೇನು ತಪ್ಪು?

ಎಲ್ಲ ಮುಗಿದ ಮೇಲೆ ಹೆಂಡತಿಯೇ ಹೇಳಿದಳು. "ಹಿಂಗೆ ಸೊರಗಿಕೊಂಡು ಇರಬ್ಯಾಡಿ. ಆ ಶಿಕಾರಿಪುರದ ಡಾಕ್ಟರ ಹತ್ರ ಹೋಗನ. ಇನ್ನು ಯಾವುದಕ್ಕೆ ಅಂತ ಕಾಯ್ತೀರಿ?" ಈ ಸಲ ಅವಳೂ ಬಂದಳು. ಪಕ್ಕದ ಕುರ್ಚಿಯಲ್ಲಿ ಮಡಿಲಿನಲ್ಲಿ ಚೀಲ ಇಟ್ಟುಕೊಂಡು ಕೂತಳು. ಡಾಕ್ಟರಿಗೆ ನಾನು ನಡೆದದ್ದೆಲ್ಲ ಹೇಳಿದೆ. "ನಾನೂ ಇನ್ನೊಂದು ಮಾತು ಬಿಡಿಸಿ ಹೇಳಬೇಕಿತ್ತು" ಅಂದರು. ರಕ್ತ ದಪ್ಪವಾಗಿದೆಯೇ, ಪ್ರಾಸ್ಟೇಟ್ ಸರಿಯಿದೆಯೇ ಎಂದು ಹೊಸ ಪರೀಕ್ಷೆಗಳ ಕಾಗದ ನೋಡಿ, ಮತ್ತೆ ಶುರು ಮಾಡಬಹುದು ಅಂದರು. ಹೊಸ ಹಾಳೆ ತೆಗೆದರು. ಈ ಸಲ ತಲೆಯೆತ್ತದೆ, ಮೆಲ್ಲಗೆ ಕೇಳಿದರು.

"ಮಕ್ಕಳು?"

ಮೂರು ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

"ಇಲ್ರೀ" ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಹೇಳಿದ್ದು. ಹೆಂಡತಿಯ ಕಡೆ ನೋಡಲಾಗಲಿಲ್ಲ.

ಡಾಕ್ಟರು ಬರೆದುಕೊಂಡರು. "ಸೂಜಿ ಚುಚ್ಚಿಸ್ಕೊಂಡು ಸಾಕಾಗಿದೆ ನಿಮಗೆ. ಈ ಸಲ ಜೆಲ್ಲೇ ಕೊಡ್ಲಾ? ದಿನಾ ಹೆಗಲಿಗೆ ಹಚ್ಕೊಂಡ್ರಾಯ್ತು."

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. ನನ್ನ ಮುಖ ನೋಡಲಿಲ್ಲ. ನೇರ ಅವರನ್ನೇ ನೋಡಿ, ಸೊರಬದ ಮಾತು ಬಿಟ್ಟು ನಮ್ಮ ಮನೆಯ ಮಾತಿನಲ್ಲಿ ಹೇಳಿದಳು.

"ಜೆಲ್ ಬ್ಯಾಡ್ರಿ, ಸೂಜೀನ ಇರಲಿ. ಸಣ್ಣಾಕಿ ಇನ್ನೂ ಇವರ ಹೆಗಲ ಮ್ಯಾಲ ಮಲಗ್ತಾಳ. ಮನ್ಯಾಗ ಮಕ್ಕಳದಾರ. ಮೂರು ಜನ ಅದಾರ್ರೀ."